ಅಕ್ಕನ ಕೈ, ಮುದುಕನ ಸೊಂಟ

ನಮ್ಮ ಅಕ್ಕ ನಾಯಿಗಳ ಮೈ ನೀವುತ್ತಾಳೆ. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಅದಕ್ಕೂ ಸಂಬಳ ಕೊಡುತ್ತಾರಾ ಎಂದು ಕೇಳುತ್ತಾರೆ. ಕೊಡುತ್ತಾರೆ. ಗೋದಾಮುಗಳಿಗೆ ಕಾವಲು ನಾಯಿಗಳನ್ನು ಕಳಿಸುವ ಕಂಪನಿಯೊಂದರಲ್ಲಿ ಅವಳಿಗೆ ಆರು ವರ್ಷದಿಂದ ಇದೇ ಕೆಲಸ. ಹನ್ನೆರಡು ಗಂಟೆ ಸರಪಳಿಯಲ್ಲಿ ನಿಂತ ನಾಯಿಗಳು ಬೆಳಿಗ್ಗೆ ವ್ಯಾನಿನಿಂದ ಇಳಿಯುತ್ತವೆ. ಒಂದೊಂದನ್ನೂ ರಬ್ಬರ್ ಚಾಪೆಯ ಮೇಲೆ ಮಲಗಿಸಿ ಇಪ್ಪತ್ತು ನಿಮಿಷ ನೀವಬೇಕು.

ಈ ವಿದ್ಯೆ ಅವಳು ಶಾಲೆಯಲ್ಲಿ ಕಲಿತದ್ದಲ್ಲ. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಹನ್ನೊಂದು ವರ್ಷ ಅವರ ಕೈಕಾಲು ನೀವಿದವಳು ಅವಳು. ತಂಗಿಯಾದ ನಾನು ಮದುವೆ ಮಾಡಿಕೊಂಡು ಪಾರಾದೆ. ಅವಳು ನೀವಿದಷ್ಟೂ ಅಪ್ಪ ಬದುಕಿದರು, ಅಪ್ಪ ಬದುಕಿದಷ್ಟೂ ಅವಳು ಆ ಮಂಚ ಬಿಟ್ಟು ಕದಲಲಿಲ್ಲ. ಹೀಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ. ಅಪ್ಪ ಹೋದ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಾಳೆ.

ನಾಯಿಗೆ ಎಣ್ಣೆ ಬೇಡ, ಒಣ ಕೈ ಸಾಕು. ಮೊದಲು ಹೆಗಲ ಮೇಲೆ ಅಂಗೈ ಇಟ್ಟು ಸುಮ್ಮನಿರಬೇಕು. ಅದರ ಉಸಿರು ನಿಧಾನವಾದ ಮೇಲೆ ಬೆನ್ನುಮೂಳೆಯ ಎರಡೂ ಬದಿಗೆ ಹೆಬ್ಬೆರಳಿನಿಂದ ಸಣ್ಣ ಸಣ್ಣ ಸುತ್ತು. ಮೂಳೆಯ ಮೇಲೆ ಮಾತ್ರ ಒತ್ತಬಾರದು. ತುಟಿ ನೆಕ್ಕಿಕೊಂಡರೆ ನೋವಾಗಿದೆ ಎಂದು, ನಿಟ್ಟುಸಿರು ಬಿಟ್ಟರೆ ಹಿತವಾಗಿದೆ ಎಂದು ಅರ್ಥ. ರಕ್ತ ಚೆನ್ನಾಗಿ ಓಡಾಡಿ ಬಿಗಿದ ಸ್ನಾಯು ಸಡಿಲವಾಗುತ್ತದೆ, ಹೆದರಿ ನಡುಗುವ ನಾಯಿಗೂ ನಿದ್ದೆ ಬರುತ್ತದೆ. ಒಂದು ಹೆಣ್ಣುನಾಯಿಯ ಪಕ್ಕೆಯಲ್ಲಿದ್ದ ಕಡಲೆಕಾಳಿನಷ್ಟು ಗಂಟು ವೈದ್ಯರಿಗಿಂತ ಮೊದಲು ಸಿಕ್ಕಿದ್ದು ಅಕ್ಕನ ಬೆರಳಿಗೆ. ನನ್ನ ಸೊಂಟ ಹಿಡಿದುಕೊಂಡಾಗ ಮಾತ್ರ, ನಾಯಿಯಷ್ಟೂ ತಾಳ್ಮೆ ಇಲ್ಲದವಳು ನೀನು ಎಂದು ಅರ್ಧಕ್ಕೇ ಎದ್ದು ಹೋಗುತ್ತಾಳೆ.

ಆ ನಾಯಿಗಳಲ್ಲಿ ಒಂದಕ್ಕೆ ಮುದುಕ ಎಂದು ಹೆಸರು. ನಾಯಿಯಾದರೂ ನಮ್ಮ ಮನೆಯಲ್ಲಿ ಅವನು ಇವನು ಎಂದೇ ಮಾತು. ಒಂಬತ್ತು ವರ್ಷ ತುಂಬಿದೆ, ಸೊಂಟದ ಕೀಲು ಸವೆದಿದೆ. ಕಂಪನಿಯ ಕಾಯಿದೆ ಏನೆಂದರೆ, ಪ್ರತಿ ಸೋಮವಾರ ಹತ್ತು ಗಂಟೆಗೆ ಎಲ್ಲ ನಾಯಿಗಳೂ ಮೇಲ್ವಿಚಾರಕರ ಎದುರು ಅಂಗಳವನ್ನು ಮೂರು ಸುತ್ತು ನಡೆಯಬೇಕು. ಸತತ ಎರಡು ಸೋಮವಾರ ನಡೆಯಲಾರದ ನಾಯಿಯನ್ನು ಪಟ್ಟಿಯಿಂದ ತೆಗೆದು, ಕೇಳಿದವರಿಗೆ ಕೊಟ್ಟುಬಿಡುತ್ತಾರೆ. ಮುದುಕನನ್ನು ವ್ಯಾನ್ ಡ್ರೈವರ್ ಎಂದೋ ಕೇಳಿಟ್ಟಿದ್ದ. ಮನೆಯ ಹಿಂದೆ ಬೇಲಿ ಹಾಕಿದ ಜಾಗ, ಹಳೆಯ ಹಾಸಿಗೆ, ಹೆಂಡತಿಯ ಒಪ್ಪಿಗೆ ಎಲ್ಲ ತಯಾರಿತ್ತು. ಮುದುಕ ಕುಂಟುವುದೊಂದೇ ಬಾಕಿ.

ಅವನು ಕುಂಟುತ್ತಿರಲಿಲ್ಲ. ಶನಿವಾರ ಕಾಲೂರಲಾಗದೆ ವ್ಯಾನಿನಿಂದ ಇಳಿದವನು ಅಕ್ಕನ ಕೈಗೆ ಸಿಕ್ಕಿ ಸೋಮವಾರ ಮದುಮಗನ ಹಾಗೆ ಮೂರು ಸುತ್ತು ಹಾಕುತ್ತಿದ್ದ. ಸಂಜೆಗೆ ಮತ್ತೆ ಗೋದಾಮಿನ ಸಿಮೆಂಟು ನೆಲ. ನೀವಿದರೆ ಸರಪಳಿ, ನೀವದಿದ್ದರೆ ನೋವು. ಅತ್ತ ದರಿ, ಇತ್ತ ಪುಲಿ.

ಎರಡು ವಾರ ಕೈಕಟ್ಟಿ ಕೂತುಬಿಡಕ್ಕಾ ಎಂದು ಡ್ರೈವರ್ ಬೇಡಿಕೊಂಡ. ಅಕ್ಕ ಮನೆಗೆ ಬಂದು ನನ್ನನ್ನು ಕೇಳಿದಳು. ನಾನು ಭಾರೀ ಬುದ್ಧಿವಂತೆಯ ಹಾಗೆ, ಎರಡು ವಾರದ ನೋವು ದೊಡ್ಡದೋ ಸಾಯುವ ತನಕ ಸರಪಳಿ ದೊಡ್ಡದೋ ಎಂದೆ. ಹೇಳುವುದಕ್ಕೇನು, ಸುಮ್ಮನಿರಬೇಕಾದ ಕೈ ನನ್ನದಲ್ಲವಲ್ಲ.

ಮರುದಿನದಿಂದ ಅವಳು ಮುದುಕನನ್ನು ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂತು, ಇಪ್ಪತ್ತು ನಿಮಿಷ ಗಡಿಯಾರ ನೋಡಿದಳು. ಮೊದಲ ಸೋಮವಾರ ಅವನು ಎರಡನೆಯ ಸುತ್ತಿಗೇ ಕೂತುಬಿಟ್ಟ. ಒಂದು ಸಲ ಕೂತರೆ ರಜೆಯೇನೂ ಇಲ್ಲ, ಆ ವಾರವೂ ಕಾವಲಿಗೆ ಹೋದ. ಅಕ್ಕನಿಗೆ ಊಟ ಸೇರದಾಯಿತು. ಬಟ್ಟೆ ಮಡಿಸುವಾಗ ಅವಳ ಹೆಬ್ಬೆರಳು ತಾನಾಗಿಯೇ ಬಟ್ಟೆಯ ಮೇಲೆ ಸುತ್ತು ಹಾಕುತ್ತಿತ್ತು. ನಾನು ನೋಡಿಯೂ ನೋಡದವಳ ಹಾಗಿದ್ದೆ.

ಶುಕ್ರವಾರ ಅವಳೇ ಬಾಯಿ ಬಿಟ್ಟಳು. "ಅವನಿಗೆ ನನ್ನ ಮೇಲೆ ಕೋಪಾನೂ ಇಲ್ಲ ಕಣೇ. ನಾನು ಮರೆತುಬಿಟ್ಟಿದೀನಿ ಅಂದ್ಕೊಂಡಿದಾನೆ. ದಿನಾ ಬಂದು ಸೊಂಟ ತೋರಿಸಿ ನೆನಪು ಮಾಡ್ತಾನೆ."

ಎರಡನೆಯ ಸೋಮವಾರ ನಾನು ಕೆಲಸಕ್ಕೆ ರಜೆ ಹಾಕಿ ಅವಳ ಜೊತೆಗೇ ಹೋದೆ. ಧೈರ್ಯ ಹೇಳಲು ಎಂದು ಅವಳಿಗೆ ಹೇಳಿದ್ದೆ, ನಿಜವಾಗಿ ಹೋದದ್ದು ಅವಳ ಕೈಗಳ ಕಾವಲಿಗೆ. ಎಂಟೂವರೆಗೆ ಮುದುಕ ಡ್ರೈವರ್ ಹಾಕಿದ ಹಲಗೆಯ ಮೇಲೆ ಮೂರೇ ಕಾಲೂರಿ ಇಳಿದ. ಅಂಗಳ ದಾಟಿ ಬಂದು, ಬೆಂಚಿನ ಮೇಲಿದ್ದ ಅಕ್ಕನ ಮಂಡಿಗೆ ಸೊಂಟ ಆನಿಸಿ ನಿಂತ. ನರಳಿದ್ದರೆ ನಾನೂ ತಡೆದುಕೊಳ್ಳುತ್ತಿದ್ದೆನೇನೋ. ಅವನು ನರಳಲಿಲ್ಲ, ಸುಮ್ಮನೆ ನಿಂತು ಕಾದ.

ನಾನು ಅಕ್ಕನ ಮಣಿಕಟ್ಟು ಹಿಡಿದುಕೊಂಡೆ. "ಒಂದೂವರೆ ಗಂಟೆ ಅಷ್ಟೇ ಅಕ್ಕ. ಆಮೇಲೆ ಡ್ರೈವರ್ ಮನೆಗೇ ಹೋಗಿ ಜೀವನಪೂರ್ತಿ ನೀವ್ತಾ ಇರು."

"ಬಿಡೇ," ಎಂದಳು. "ನನ್ನಿಂದ ಆಗಲ್ಲ."

ಬಿಟ್ಟೆ. ಅವಳನ್ನು ಬೈಯಲು ನನಗೆ ಯಾವ ಮುಖವಿತ್ತು? ಅವಳು ನೆಲಕ್ಕೆ ಕೂತು ಒಂದು ಗಂಟೆಗೂ ಹೆಚ್ಚು ಹೊತ್ತು ನೀವಿದಳು, ಕಣ್ಣು ಒರೆಸಿಕೊಳ್ಳಲೂ ಕೈ ತೆಗೆಯಲಿಲ್ಲ. ಅಷ್ಟು ಬಿಗಿದ ಕಾಲು ಒಂದು ಗಂಟೆಗೆಲ್ಲಿ ಸರಿಹೋದೀತು ಎಂಬ ಆಸೆ ನನಗಿನ್ನೂ ಇತ್ತು. ಹತ್ತು ಗಂಟೆಗೆ ಮುದುಕ ಎದ್ದು, ಮೈ ಕೊಡವಿ, ಮೂರು ಸುತ್ತು ಮುಗಿಸಿದ. ಕೊನೆಯ ಸುತ್ತಿನಲ್ಲಿ ಹಿಂಗಾಲು ಎಳೆಯಿತು, ಆದರೆ ಎಲ್ಲಿಯೂ ನಿಲ್ಲಲಿಲ್ಲ. ಮೇಲ್ವಿಚಾರಕರು ಒಳ್ಳೆಯ ಮನುಷ್ಯರೇ, ಮನಸಾರೆ ಹೊಗಳಿದರು. "ನಿಮ್ಮ ಕೈ ಇರೋವರೆಗೂ ಇವನಿಗೆ ರಿಟೈರ್‌ಮೆಂಟ್ ಇಲ್ಲ ಬಿಡಿ," ಎಂದರು.

ಡ್ರೈವರ್‌ಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಾಪ, ಅವನು ಅಕ್ಕನನ್ನು ಒಂದು ಮಾತೂ ಆಡಲಿಲ್ಲ. ಇನ್ನು ತಡೆದು ಪ್ರಯೋಜನವೇನು ಎಂದು ಅಕ್ಕ ಮಧ್ಯಾಹ್ನ ಮತ್ತೊಮ್ಮೆ ಮುದುಕನನ್ನು ನೀವಿ ಮಲಗಿಸಿದಳು. ನಾನೂ ಅಲ್ಲೇ ಉಳಿದೆ, ಅವಳನ್ನು ಒಬ್ಬಳೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ.

ಸಂಜೆ ಐದಕ್ಕೆ ಡ್ರೈವರ್ ವ್ಯಾನಿನ ಹಿಂಬಾಗಿಲು ತೆಗೆದು ಹಲಗೆ ಎಳೆಯಲು ಬಗ್ಗಿದ. ಅಷ್ಟರಲ್ಲಿ ಮುದುಕ ಓಡಿ ಬಂದು, ಬಾಲ ಅಲ್ಲಾಡಿಸುತ್ತಾ, ಹಲಗೆಯ ಹಂಗಿಲ್ಲದೆ ತಾನೇ ನೆಗೆದು ಒಳಗೆ ಕೂತ. ಒಂದು ವರ್ಷದಿಂದ ಅವನು ಹಾಗೆ ನೆಗೆದಿರಲಿಲ್ಲವಂತೆ. ಡ್ರೈವರ್ ಹಲಗೆಯನ್ನು ಮತ್ತೆ ಒಳಗೆ ತಳ್ಳಿ ಬಾಗಿಲು ಹಾಕಿದ.

ವ್ಯಾನ್ ಗೇಟು ದಾಟುವವರೆಗೂ ಅಕ್ಕ ನೋಡುತ್ತಲೇ ಇದ್ದಳು. "ಬಲಗಡೆ ಇನ್ನೂ ಸ್ವಲ್ಪ ಬಿಗಿ ಇದೆ," ಎಂದಳು. "ಬೆಳಿಗ್ಗೆ ಬರ್ತಾನಲ್ಲ, ಮೊದಲು ಅದನ್ನೇ ನೋಡ್ಬೇಕು."