ವೇದಿಕೆಯ ಮೇಲೆ ಚಾಚಿದ ಕಾಲು

ಇವತ್ತು ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದಾಗ ಎದ್ದ ಘಮ ನನ್ನನ್ನು ಸೀದಾ ಚಾಮರಾಜಪೇಟೆಯ ಆ ಶಾಮಿಯಾನದೊಳಗೆ ಕೂರಿಸಿತು.

ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಹೆಂಗಸರ ಸಂಘ ಅಲ್ಲಿ ‘ನಮ್ಮೂರ ಹೆಣ್ಣು’ ಸ್ಪರ್ಧೆ ಇಟ್ಟಿತ್ತು. ಸೋಬಾನೆ ಹಾಡಬೇಕು, ಇಂಗ್ಲಿಷ್ ಬೆರೆಸದೆ ಮಾತಾಡಬೇಕು, ಕೊನೆಗೆ ಮುದ್ದೆ ಮಾಡಬೇಕು. ಗೆದ್ದವರಿಗೆ ಮಿಂಚುವ ಕಿರೀಟ. ಸೊಪ್ಪು ಮಾರುತ್ತಿದ್ದ ನನ್ನ ಸೋದರತ್ತೆ ಗೌರಮ್ಮ ಹಾಡಿನಲ್ಲೂ ಮಾತಿನಲ್ಲೂ ಎಲ್ಲರಿಗಿಂತ ಮುಂದಿದ್ದಳು.

ಮುದ್ದೆಯ ಸರದಿ ಬಂತು. ಉಳಿದವರು ಮೇಜಿನ ಮುಂದೆ ನಿಂತು ನಾಜೂಕಾಗಿ ಕೋಲಾಡಿಸಿದರು. ಅತ್ತೆ ಬಿಸಿ ಪಾತ್ರೆಯನ್ನು ನೆಲಕ್ಕಿಳಿಸಿ, ರೇಷ್ಮೆ ಸೀರೆ ಮೇಲೆತ್ತಿ ಸಿಕ್ಕಿಸಿ, ಕಾಲು ಚಾಚಿ ಕೂತಳು. ಪಾತ್ರೆ ಅಲುಗದಂತೆ ಅದಕ್ಕೆ ಕವೆಗೋಲು ಕೊಟ್ಟು, ಆ ಕೋಲಿನ ಎರಡೂ ಕವಲುಗಳ ತುದಿಯನ್ನು ಪಾದಗಳಿಂದ ಅದುಮಿ ಹಿಡಿದು, ಮುದ್ದೆಕೋಲಿನಿಂದ ತಿರುವತೊಡಗಿದಳು.

ಸಂಘದ ಅಧ್ಯಕ್ಷೆ ಓಡಿಬಂದರು. “ಗೌರಮ್ಮ, ಕಾಲು ಮಡಚ್ಕೊಳ್ರೀ. ಗೆಸ್ಟ್ ಎದುರಿಗೇ ಕೂತಿದಾರೆ, ಅಸಹ್ಯವಾಗಿ ಕಾಣುತ್ತೆ.”

ಹಾಡು ಬೇಕು, ಮುದ್ದೆ ಬೇಕು, ಅದನ್ನು ಮಾಡುವ ಕಾಲು ಮಾತ್ರ ಬೇಡ!

“ನಮ್ಮವ್ವ ಹಿಂಗೇ ತಿರುವ್ತಿದ್ದಿದ್ದು. ನಮ್ಮೂರ ಹೆಣ್ಣು ಬೇಕು ಅಂದ್ರಲ್ಲ, ನೋಡ್ಕೊಳ್ಳಿ,” ಎಂದಳು ಅತ್ತೆ. ಕಾಲು ಕದಲಲಿಲ್ಲ. ಮುದ್ದೆಕೋಲು ನಿಲ್ಲಲಿಲ್ಲ.

ಕಿರೀಟ ಬೇರೆಯವರ ಪಾಲಾಯಿತು. ನಾನು ಗೊಳೋ ಎಂದು ಅಳತೊಡಗಿದೆ. ಅತ್ತೆ ತನ್ನ ಮುದ್ದೆಯಿಂದ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. “ಅಳ್ಬೇಡ ಕಣೆ. ಗಂಟಿದ್ಯಾ ಹೇಳು.”

ಒಂದೂ ಗಂಟಿರಲಿಲ್ಲ.

ಈಗ ಅಡುಗೆಮನೆಯ ನೆಲದಲ್ಲಿ ನಾನು ಅದೇ ಕವೆಗೋಲು ತುಳಿದು ಕೂತಿದ್ದೇನೆ. ಮೊಬೈಲ್ ಹಿಡಿದ ಮಗಳು ರಾಗ ಎಳೆದಳು: “ಅಮ್ಮಾ, ವಿಡಿಯೋದಲ್ಲಿ ನಿನ್ ಕಾಲು ಕಾಣುತ್ತೆ.”

“ಕಾಣ್ಲಿ. ಹತ್ರ ಬಂದು ತೆಗಿ.”