ಹತ್ತು ನಿಮಿಷದ ಊರಿನ ಕೀಲಿಯಮ್ಮ

ಒಂಬತ್ತು ದಿನದ ಬೆಟ್ಟ ಪ್ರವಾಸದ ಬಣ್ಣದ ಪುಸ್ತಿಕೆಯಲ್ಲಿ ಐದನೇ ದಿನದ ಪುಟ ತೆರೆದರೆ, ಎರಡು ಕಣಿವೆಗಳ ಫೋಟೋಗಳ ನಡುವೆ ಸಣ್ಣ ಅಕ್ಷರದಲ್ಲಿ ‘ಹತ್ತು ನಿಮಿಷ ನಿಲುಗಡೆ’ ಎಂದು ಅಚ್ಚಾಗಿದೆ. ಆ ಹತ್ತು ನಿಮಿಷ ಎಂದರೆ ಕೀಲಿಯಮ್ಮ. ಎರಡು ಘಾಟಿಗಳ ನಡುವಿನ ಏಳು ಗಂಟೆಯ ದಾರಿಗೆ ಇರುವ ಒಂದೇ ಒಂದು ಕಕ್ಕಸು ಅವಳದು. ಗಾರೆ ಕೆಲಸದ ಗಂಡ ಬದುಕಿದ್ದಾಗ ಮನೆಯ ಪಕ್ಕದಲ್ಲಿ ಕಟ್ಟಿಟ್ಟು ಹೋದದ್ದು. ತಗಡಿನ ಬಾಗಿಲು, ಹಿತ್ತಾಳೆಯ ಬೀಗ, ಕೀಲಿ ಮಾತ್ರ ಸದಾ ಅವಳ ಸೊಂಟದಲ್ಲಿ.

ಅಷ್ಟು ಎತ್ತರದಲ್ಲಿ ಗಿಡ ಬೆಳೆಯುವುದಿಲ್ಲ. ಮರೆಗೆ ಹೋಗೋಣವೆಂದರೆ ಮೊಣಕಾಲೆತ್ತರದ ಪೊದೆಯೂ ಇಲ್ಲ. ಕಂಪನಿಯವರೋ, ನೀರು ಕುಡಿಯದಿದ್ದರೆ ಈ ಎತ್ತರದಲ್ಲಿ ತಲೆ ತಿರುಗಿ ಬೀಳುತ್ತೀರಿ ಎಂದು ಹೆದರಿಸಿ, ಬೆಳಗಿನಿಂದ ಒಬ್ಬೊಬ್ಬರಿಗೂ ಎರಡೆರಡು ಬಾಟಲಿ ಕುಡಿಸಿರುತ್ತಾರೆ. ಇನ್ನೇನಾಗಬೇಕು? ಬಸ್ಸಿನ ಬಾಗಿಲು ತೆರೆಯುತ್ತಲೇ ಮೂವತ್ತೆರಡು ಜನ ಅಂಡು ಸುಟ್ಟ ಬೆಕ್ಕಿನಂತೆ ಇಳಿದು ಓಡಿಬರುತ್ತಾರೆ. ಒಳಗೆ ಹೋಗುವಾಗ ಯಾರಿಗೂ ಬೆಟ್ಟ ಕಾಣುವುದಿಲ್ಲ. ಹೊರಗೆ ಬಂದ ಮೇಲೆ ಎಲ್ಲರಿಗೂ ನಿಸರ್ಗ ನೆನಪಾಗುತ್ತದೆ. ನೀವು ಪುಣ್ಯವಂತರು, ಸ್ವರ್ಗದಲ್ಲಿ ಇದ್ದೀರಿ ಎಂದು ಅವಳಿಗೆ ಉಪದೇಶ ಮಾಡುತ್ತಾರೆ. ಕೇಳದೆಯೇ ಅವಳ ಮುಖದ ಸುಕ್ಕುಗಳ ಫೋಟೋ ಹಿಡಿಯುತ್ತಾರೆ. ಹನ್ನೊಂದು ವರ್ಷದಲ್ಲಿ ಸ್ವರ್ಗ ಎಂದವರು ಸಾವಿರಾರು ಜನ. ಮಗ್ಗನ್ನು ಇದ್ದ ಜಾಗದಲ್ಲಿ ಇಟ್ಟು ಬಂದವರನ್ನು ಎಣಿಸಲು ಎರಡು ಕೈಯ ಬೆರಳು ಹೆಚ್ಚಾಯಿತು.

ಸ್ವರ್ಗದಲ್ಲಿ ನಲ್ಲಿ ಇಲ್ಲ. ಹಳ್ಳ ಇರುವುದು ನೂರಾ ಹತ್ತು ಮೆಟ್ಟಿಲು ಕೆಳಗೆ. ಒಬ್ಬರು ಒಳಹೋಗಿ ಬಂದರೆ ಒಂದು ಬಕೆಟ್ ನೀರು ಹೋಯಿತೆಂದೇ ಲೆಕ್ಕ. ಬೆಳಕು ಹರಿಯುವ ಮುಂಚೆ ತಾಯಿ ಮಗಳು ಇಬ್ಬರೂ ಆಳಿಗೊಂದು ಬಕೆಟ್ ಹಿಡಿದು ಇಳಿದು ಹತ್ತಿ ದೊಡ್ಡ ಡ್ರಮ್ಮು ತುಂಬಿಸುತ್ತಿದ್ದರು. ಕೀಲಿಯಮ್ಮನ ಎಡಮಂಡಿ ಕೈಕೊಟ್ಟ ಮೇಲೆ ಹೆಚ್ಚಿನದೆಲ್ಲ ಮಗಳೇ ಹೊತ್ತಳು. ಪುಸ್ತಕವನ್ನು ಡ್ರಮ್ಮಿನ ಮುಚ್ಚಳದ ಮೇಲೆ ತೆರೆದಿಟ್ಟು, ಪ್ರತಿ ಸಲ ನೀರು ಸುರಿದಾಗಲೂ ನಾಲ್ಕು ಸಾಲು ಓದಿ ಮತ್ತೆ ಇಳಿಯುವ ಹುಡುಗಿ ಅದು. ಹಾಗೆ ಓದಿಯೇ ಕೆಳಗಿನ ಪಟ್ಟಣದ ನರ್ಸಿಂಗ್ ಶಾಲೆಯಲ್ಲಿ ಸೀಟು ಹಿಡಿದಳು.

ಆ ಸೀಟು ಹೋದ ವರ್ಷವೂ ಸಿಕ್ಕಿತ್ತು. ಸೇರುವ ದಿನ ಇದೇ ಕಂಪನಿಯ ಇದೇ ಮ್ಯಾನೇಜರ್, ತಲೆಗೆ ಕೆಂಪು ಟೋಪಿ, ಕೊರಳಿಗೆ ಸೀಟಿ ಹಾಕಿಕೊಂಡವನು, ಮಗಳನ್ನು ನಮ್ಮ ಬಸ್ಸಿನಲ್ಲೇ ಇಳಿಸುತ್ತೇವೆ ಬಿಡಿ ಎಂದು ಕೀಲಿಯಮ್ಮನ ಮೂಗಿಗೆ ತುಪ್ಪ ಸವರಿದ್ದ. ಅವಳು ನಂಬಿದಳು. ಮೂವತ್ತೆರಡು ಜನರೂ ಹಗುರಾದರು. ಮಗಳು ಟ್ರಂಕು ತರಲು ಮನೆಯೊಳಗೆ ಹೋದಳು, ಸೀಟಿ ಕೇಳಿಸಿತು, ಹೊರಬರುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಟ್ರಂಕು ಹಿಡಿದು ಧೂಳಿನಲ್ಲಿ ನಿಂತ ಮಗಳು ಅಳಲಿಲ್ಲ. ಟ್ರಂಕನ್ನು ಒಳಗಿಟ್ಟು ಬಕೆಟ್ ಎತ್ತಿಕೊಂಡಳು. ಅತ್ತಿದ್ದರೆ ಕೀಲಿಯಮ್ಮ ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಆ ಸಂಕಟ ಅವಳ ಎದೆಯಲ್ಲಿ ವರ್ಷವಿಡೀ ಉರಿಯಿತು.

ಈ ವರ್ಷ ಮತ್ತೆ ಅದೇ ದಿನ ಬಂತು. ಸಂಜೆ ನಾಲ್ಕರೊಳಗೆ ಪಟ್ಟಣದಲ್ಲಿ ಇರಬೇಕು, ಎರಡು ಸಲ ಸೀಟು ಬಿಟ್ಟವರಿಗೆ ಮೂರನೇ ಸಲ ಇಲ್ಲವೆಂದು ಶಾಲೆಯಿಂದ ಕಾಗದ ಬಂದಿತ್ತು. ಸರ್ಕಾರಿ ಬಸ್ಸಿನ ಆಕ್ಸಲ್ ಮುರಿದು ಎಂಟು ದಿನವಾಗಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಕಂಪನಿಯ ಬಸ್ಸು ಬಂದು ನಿಂತಾಗ ಕೀಲಿಯಮ್ಮ ಬಾಗಿಲು ತೆರೆಯಲಿಲ್ಲ. ಕಕ್ಕಸಿನ ಮುಂದೆ ಸ್ಟೂಲು ಹಾಕಿಕೊಂಡು, ಮಂಡಿ ಚಾಚಿ ಕೂತಿದ್ದಳು. ಪಕ್ಕದಲ್ಲಿ ಟ್ರಂಕು, ಅದರ ಪಕ್ಕ ಮಗಳು.

ಮ್ಯಾನೇಜರ್ ಹಲ್ಲು ಕಿರಿದುಕೊಂಡು ಬಂದ. ಅವಳು ತನಗೆ ಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅವನ ಹಲ್ಲು ಒಳಗೆ ಹೋಯಿತು.

“ಅಮ್ಮಾ, ಇದು ಕಂಪನಿ ಬಸ್ಸು. ಹೊರಗಿನವರನ್ನ ಹತ್ತಿಸಿಕೊಂಡ್ರೆ ನನ್ನ ಕೆಲಸ ಹೋಗುತ್ತೆ.”

“ಹತ್ತಿಸಿಕೊಳ್ಳದೇ ಇದ್ರೆ ಇನ್ನೂ ಏನೇನೋ ಹೋಗುತ್ತೆ. ಒಂದ್ಸಲ ಹಿಂದೆ ತಿರುಗಿ ನೋಡಿ.”

ಅವನು ತಿರುಗಿ ನೋಡಿದ. ಸಾಲು ನಿಂತಲ್ಲೇ ಕುಣಿಯುತ್ತಿತ್ತು. ಐದು ದಿನದಿಂದ ಕಿಟಕಿ ಪಕ್ಕದ ಸೀಟಿಗಾಗಿ ಜುಟ್ಟು ಹಿಡಿದುಕೊಳ್ಳುವಷ್ಟು ಜಗಳವಾಡಿದ್ದ ಜನ ಈಗ ಮೊದಲ ಬಾರಿಗೆ ಒಗ್ಗಟ್ಟಾಗಿದ್ದರು. ನಿವೃತ್ತ ಅಧಿಕಾರಿಯೊಬ್ಬರು ಕಾಲು ಹೆಣೆದುಕೊಂಡು, ಮನುಷ್ಯತ್ವ ಅನ್ನುವುದು ಇಲ್ಲವೇ ಎಂದು ಕೇಳಿದರು. ಹೋದ ವರ್ಷ ನಿಮ್ಮ ಬಸ್ಸು ಅದನ್ನು ಇಲ್ಲೇ ಎಲ್ಲೋ ಬೀಳಿಸಿಕೊಂಡು ಹೋಯಿತು, ಬೇಕಿದ್ದರೆ ಹುಡುಕಿಕೊಳ್ಳಿ ಎಂದಳು ಕೀಲಿಯಮ್ಮ. ಮಗಳು ನಾಚಿಕೆಯಿಂದ ತಲೆ ತಗ್ಗಿಸಿದಳು. ತಾಯಿ ಅದನ್ನು ಕಂಡೂ ಕಾಣದಂತೆ ಕೂತಳು. ನಾಚಿಕೆಪಟ್ಟುಕೊಂಡು ಕೂರಲು ಅವಳ ಹತ್ತಿರ ಇನ್ನೊಂದು ವರ್ಷ ಇರಲಿಲ್ಲ.

ಸೀಟು ಖಾಲಿ ಇಲ್ಲವೆಂದ ಮ್ಯಾನೇಜರ್. ಡ್ರೈವರ್ ಪಕ್ಕದ ಮಡಚುವ ಸೀಟು ಯಾರದೆಂದು ಅವಳು ಕೇಳಿದಳು. ಅದು ತನ್ನದೆಂದ. ಹಾಗಾದರೆ ಸಿಕ್ಕಿತಲ್ಲ ಎಂದಳು. ಸಾಲಿನಿಂದ ಮೂವತ್ತೆರಡು ದನಿಗಳು ಅವನ ಮೇಲೆ ಬಿದ್ದವು. ದುಡ್ಡು ಕೊಟ್ಟು ಬಂದವರ ಕಷ್ಟಕ್ಕಿಂತ ಇವನ ಸೀಟು ಹೆಚ್ಚಾಯಿತೇ ಎಂದು ಅಧಿಕಾರಿಗಳು ಗುಡುಗಿದರು. ಅವನು ಇಂಗು ತಿಂದ ಮಂಗನ ಮುಖ ಮಾಡಿಕೊಂಡು, ಆಯ್ತು, ಬಾಗಿಲು ತೆಗೆಯಿರಿ, ಆಮೇಲೆ ಹತ್ತಿಸಿಕೊಳ್ಳುತ್ತೇನೆ ಎಂದ.

ಆಮೇಲೆ ಎಂಬ ಮಾತನ್ನು ಅವಳು ಹೋದ ವರ್ಷವೇ ಕೇಳಿದ್ದಳು. ಅವನನ್ನು ಬಿಟ್ಟು ಡ್ರೈವರ್ ಕಡೆ ತಿರುಗಿ ಕೈ ಚಾಚಿದಳು.

“ಅಣ್ಣಾ, ಬಸ್ಸಿನ ಕೀಲಿ ಇಲ್ಲಿ ಕೊಡಿ, ಕಕ್ಕಸಿನ ಕೀಲಿ ತಗೊಳ್ಳಿ. ಎಲ್ಲರದೂ ಮುಗಿದು, ನನ್ನ ಮಗಳು ಒಳಗೆ ಕೂತಿರೋದನ್ನ ಕಂಡ ಮೇಲೆ ವಾಪಸ್ ಕೊಡ್ತೀನಿ.”

ಡ್ರೈವರ್ ಮ್ಯಾನೇಜರನ ಮುಖವನ್ನೂ ನೋಡದೆ ಕೀಲಿ ಕೊಟ್ಟ. ಅವನಿಗೂ ಅವಸರವಿತ್ತು, ಇನ್ನೊಬ್ಬರ ಪೇಚಾಟ ನೋಡುವ ಖುಷಿಯೂ ಇತ್ತು. ಟ್ರಂಕು ಬಸ್ಸಿನ ಮೇಲೆ ಏರಿತು. ಅದರ ಮೇಲೆ ಆರು ಸೂಟ್‌ಕೇಸ್ ಹೇರಿ ಹಗ್ಗ ಬಿಗಿಯುವವರೆಗೂ ಕೀಲಿಯಮ್ಮ ಕೆಳಗೆ ನಿಂತು ನೋಡಿದಳು. ಮಗಳು ಹತ್ತುವ ಮುಂಚೆ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳಮ್ಮ ಎಂದಳು. ಹೋಗೇ, ಅದೆಲ್ಲ ನನಗೆ ಗೊತ್ತು ಎಂದು ತಾಯಿ ಗದರಿದಳು. ಅಷ್ಟೇ ಅವರು ಆಡಿದ ಮಾತು.

ಒಂದು ಗಂಟೆಯಲ್ಲಿ ಡ್ರಮ್ಮು ಬರಿದಾಯಿತು. ಹಗುರಾದವರು ಎಂದಿನಂತೆ ಬೆಟ್ಟ ನೋಡಿ ಆಹಾ ಎಂದರು. ಕೀಲಿಗಳು ಕೈ ಬದಲಾದವು. ಮ್ಯಾನೇಜರ್ ನಡುದಾರಿಯಲ್ಲಿ ಯಾರದೋ ಚೀಲದ ಮೇಲೆ ಕೂತ. ಬಸ್ಸು ಹೊರಟಾಗ ಕೀಲಿಯಮ್ಮ ಕೈ ಎತ್ತಿದಳು. ಮಗಳು ಇತ್ತ ನೋಡಲಿಲ್ಲ. ಒಂದು ಸಲ ತಿರುಗಿ ನೋಡಿದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ತಾಯಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. ಆಗ ಕಿಟಕಿಯಲ್ಲಿ ಕಂಡಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಎತ್ತರ ತಾಳಲಾರದೆ ಬಿಳಚಿಕೊಂಡು ಒರಗಿದ್ದಳು. ಮಗಳು ಅವಳ ಕಡೆ ಬಗ್ಗಿ, ಮಣಿಕಟ್ಟು ಹಿಡಿದು, ತುಟಿ ಅಲ್ಲಾಡಿಸುತ್ತ ನಾಡಿ ಎಣಿಸುತ್ತಿದ್ದಳು.

ಕೀಲಿಯಮ್ಮ ಎತ್ತಿದ ಕೈಯಲ್ಲೇ ಮೂಗು ಒರೆಸಿಕೊಂಡಳು. ನೂರಾ ಹತ್ತು ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಮಂಡಿ ಮುಟ್ಟಿ ನೋಡಿಕೊಂಡಳು. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಇನ್ನೊಂದು ಕಂಪನಿಯ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ತನ್ನ ಬಕೆಟ್ಟನ್ನೂ ಮಗಳ ಬಕೆಟ್ಟನ್ನೂ ತಂದು, ಬಸ್ಸು ನಿಲ್ಲುವ ಜಾಗಕ್ಕೆ ಸರಿಯಾಗಿ ಇಟ್ಟು, ಸ್ಟೂಲಿನ ಮೇಲೆ ಕೂತಳು.

ಮೊದಲು ಇಳಿದವನು ಕಪ್ಪು ಕನ್ನಡಕ ಹಾಕಿದ ಗಟ್ಟಿಮುಟ್ಟಾದ ಆಸಾಮಿ. ಬಕೆಟ್ ಎಡವಿ ನಿಂತು, ವಾಷ್‌ರೂಮ್ ಎಲ್ಲಿ ಎಂದು ಕೇಳಿದ.

“ಇಲ್ಲೇ ಇದೆ,” ಎಂದಳು. “ಹಳ್ಳ ಅಲ್ಲಿದೆ. ಹೊರೋ ಹುಡುಗಿ ಓದೋಕೆ ಹೋದ್ಲು. ಒಂದು ಬಕೆಟ್ ತನ್ನಿ, ಕೀಲಿ ಕೊಡ್ತೀನಿ.”