ಈರಯ್ಯ ಹೊತ್ತೊಯ್ದ ಹುಳಗಳು

ಯಾರ ಮನೆಯ ಮರ ನೋಡಲು ಕರೆದರೂ ಈರಯ್ಯ ಮೊದಲು ಮಾಡುತ್ತಿದ್ದ ಕೆಲಸ ಮೊಳೆ ಕೀಳುವುದು. ಬಟ್ಟೆ ಒಣಹಾಕುವ ತಂತಿಗೆ, ಲಾಟೀನು ತೂಗುಹಾಕಲು ಅಂತ ಜನ ಮರಕ್ಕೆ ಹೊಡೆದ ಮೊಳೆಗಳನ್ನೆಲ್ಲ ಇಕ್ಕಳದಿಂದ ಕಿತ್ತು ಮನೆ ಯಜಮಾನನ ಅಂಗೈಗೆ ಸುರಿಯುತ್ತಿದ್ದ. ಹಳೇಬೀಡಿನ ನಮ್ಮ ಮನೆಗೆ ಬಂದ ಮೊದಲ ದಿನ ಅಪ್ಪನಿಗೂ ಅದೇ ಆಯಿತು.

"ತಗಳಿ ಸ್ವಾಮಿ. ನಿಮ್ ಬೆನ್ನಿಗೆ ಯಾರಾರ ಮೊಳೆ ಹೊಡ್ದು ಪಂಚೆ ನೇತಾಕಿದ್ರೆ ಸುಮ್ಕಿರ್ತಿದ್ರಾ?"

ಜಮೀನು, ಅಂಗಡಿ ಎರಡೂ ಇದ್ದ ಅಪ್ಪನಿಗೆ ಊರಲ್ಲಿ ಎದುರು ಮಾತಾಡುವವರೇ ಇರಲಿಲ್ಲ. ತುಕ್ಕು ಹಿಡಿದ ಮೊಳೆಗಳನ್ನು ಹಿಡಿದುಕೊಂಡು ಅಪ್ಪ ಪೆಚ್ಚಾಗಿ ನಿಂತದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಈರಯ್ಯ ಬಿಕ್ಕೋಡಿನ ಕಡೆಯವನು. ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಸವರಿ ಬೆಳಕು ಬಿಡಿಸುವುದಕ್ಕೆ ಮರಗಸಿ ಎನ್ನುತ್ತಾರೆ. ಅದರಲ್ಲಿ ಪಳಗಿದವನು ಮೇಸ್ತ್ರಿಯ ಜತೆ ಜಗಳವಾಡಿ ತೋಟ ಬಿಟ್ಟು, ಬೇಲೂರು, ಹಳೇಬೀಡಿನ ಮನೆಗಳ ಮರ ನೋಡಿಕೊಳ್ಳುವುದನ್ನೇ ಕಸುಬು ಮಾಡಿಕೊಂಡಿದ್ದ. ಎಪ್ಪತ್ತರ ದಶಕದಲ್ಲಿ ಹಿತ್ತಲ ಮರಕ್ಕೆ ಆಳು ಕರೆಸಿ ಆರೈಕೆ ಮಾಡಿಸುವುದೆಂದರೆ ಜನ ನಗುತ್ತಿದ್ದರು. ಅವನಿಗೆ ಅದರ ಪರಿವೆಯಿರಲಿಲ್ಲ. ಜಂಭವಂತೂ ಬೇಕಾದಷ್ಟಿತ್ತು. "ನಾನು ಕೈ ಇಟ್ಟ ಮರ ಗಾಳಿಗೆ ಬಿದ್ದಿದ್ದು ತೋರ್ಸಿ, ಮೀಸೆ ಬೋಳಿಸ್ಕತೀನಿ" ಎನ್ನುತ್ತಿದ್ದ. ಬೇಲೂರಿನಲ್ಲಿ ಒಂದು ಹಲಸು ಬಿದ್ದೇ ಇತ್ತು. ಆ ಮಾತೆತ್ತಿದರೆ, "ಆ ಮನೆಯವ್ರು ಬುಡಕ್ಕೆ ಬಚ್ಚಲ ನೀರು ಬಿಟ್ಟಿದ್ರು. ಅದು ನನ್ ಲೆಕ್ಕಕ್ಕೆ ಬರಾಕಿಲ್ಲ" ಎಂದು ಮುಖ ತಿರುಗಿಸುತ್ತಿದ್ದ. ಮೀಸೆ ಕೊನೆಯವರೆಗೂ ಹಾಗೇ ಇತ್ತು.

ನಮ್ಮ ಮನೆಗೆ ಅವನನ್ನು ಕರೆಸಿದವಳು ಅಮ್ಮ. ಹಿತ್ತಲ ಮಾವಿನ ಮರಕ್ಕೆ ಕಾಂಡ ಕೊರೆಯುವ ಹುಳ ಬಿದ್ದಿತ್ತು. ಅಡುಗೆಮನೆಯ ಹೆಂಚಿನ ಮೇಲೆ ಬಾಗಿದ ಕೊಂಬೆಗಳಿಂದ ದಿನವೂ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಆಷಾಢದ ಗಾಳಿಗೆ ಮರ ಮನೆ ಮೇಲೆ ಬೀಳುತ್ತದೆ, ಅಷ್ಟರೊಳಗೆ ಬುಡಸಮೇತ ಕಡಿಸುತ್ತೇನೆ ಎಂದು ಅಪ್ಪ ಹಟ ಹಿಡಿದಿದ್ದ. ಅಮ್ಮನಿಗೆ ಅದು ಬರೀ ಮರವಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಅಳುವುದಕ್ಕೆ ಇದ್ದದ್ದು ಅದೊಂದೇ ಜಾಗ ಅಂತ ನನ್ನ ಹತ್ತಿರ ಹೇಳಿದ್ದಳು.

ಈರಯ್ಯ ಮರ ಹತ್ತಿ ಇಳಿದು ಬಂದ. "ಉಳೀತದೆ ಅಮ್ಮಾರೆ. ಹುಳ ಹತ್ತಿರೋ ಕೊಂಬೆ ಕುಯ್ದು ಸುಟ್ಟಾಕ್ಬೇಕು. ಬೊಡ್ಡೆ ತೂತಿಗೆ ತಂತಿ ಹಾಕಿ ಹುಳ ಚುಚ್ಚಿ, ಸೀಮೆಎಣ್ಣೆ ಬಿಟ್ರೆ ಆಯ್ತು."

ಅಮ್ಮನ ಮುಖ ಕಪ್ಪಿಟ್ಟಿತು. ನಾವು ಜೈನರು. ಕುಡಿಯುವ ನೀರನ್ನು ಸೋಸಿ, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮತ್ತೆ ಬಾವಿಗೇ ಬಿಡುತ್ತಿದ್ದವಳು ಅವಳು.

"ನಮ್ಮ ಹಿತ್ತಲಲ್ಲಿ ಜೀವಹಿಂಸೆ ಆಗಕೂಡದು ಈರಯ್ಯ."

"ಹಂಗಾರೆ ಮರ ಸಾಯ್ಲಾ? ಮರಕ್ಕೆ ಜೀವ ಇಲ್ವಾ?"

"ಇದೆ. ಅದಕ್ಕೇ ನಿನ್ನ ಕರೆಸಿದ್ದು."

ಈರಯ್ಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೊರಟೇಹೋದ. ಅಪ್ಪ ಮರ ಕಡಿಯುವವರಿಗೆ ಹೇಳಿಕಳಿಸಿದ. ಅವರು ಬರುವ ಮೊದಲೇ, ಯಾರೂ ಕರೆಯದೆ, ಈರಯ್ಯ ಒಂದು ಬೆಳಿಗ್ಗೆ ಹಿತ್ತಲಲ್ಲಿ ಪ್ರತ್ಯಕ್ಷನಾದ. ಕೈಯಲ್ಲಿ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ ತಂತಿಯಿತ್ತು. "ಚುಚ್ಚಾಕಿಲ್ಲ ಅಮ್ಮಾರೆ. ಜೀವಂತ ಎಳೀತೀನಿ" ಎಂದ. ಅಮ್ಮ ಅವನಿಗೊಂದು ಲೋಟ ಮಜ್ಜಿಗೆ ತಂದಿಟ್ಟಳು.

ಹುಳ ಹಿಡಿದ ಕೊಂಬೆಗಳನ್ನು ಮೊದಲು ಕೆಳಗಿನಿಂದ ಅರ್ಧ, ಆಮೇಲೆ ಮೇಲಿನಿಂದ ಗರಗಸದಲ್ಲಿ ಕೊಯ್ದು, ಹಗ್ಗ ಕಟ್ಟಿ ಮಗುವನ್ನು ಇಳಿಸಿದ ಹಾಗೆ ಇಳಿಸಿದ. ಒಂದು ಹೆಂಚೂ ಒಡೆಯಲಿಲ್ಲ. ಆಮೇಲೆ ಬೊಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ತೂತುಗಳನ್ನು ಉಳಿಯಿಂದ ನಾಜೂಕಾಗಿ ಬಿಡಿಸಿ, ಕೊಕ್ಕೆ ತೂರಿಸಿ ಒಂದೊಂದೇ ಹುಳವನ್ನು ಈಚೆಗೆಳೆದು ಎಲೆಯ ಮೇಲೆ ಮಲಗಿಸತೊಡಗಿದ. ಬೇಲಿಯಾಚೆ ಜನ ಸೇರಿದರು.

"ಏನ್ಲಾ ಈರ, ಹುಳಕ್ಕೆ ಹೆರಿಗೆ ಮಾಡಿಸ್ತಿದ್ದೀಯಾ?"

"ಹೂಂ ಕಣ್ಲಾ. ಗಲಾಟೆ ಮಾಡ್ಬ್ಯಾಡ, ತಲೆ ಈಚೆಗ್ ಬತ್ತಾ ಐತೆ."

ಅಂದಿನಿಂದ ಊರವರು ಅವನನ್ನು ಹುಳದ ಸೂಲಗಿತ್ತಿ ಎಂದೇ ಕರೆದರು. ಅವನು ಅದಕ್ಕೂ ಬೀಗಿದ.

ಗಾಯಗಳಿಗೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿದ. ಕೊಯ್ದ ಕೊಂಬೆಗಳ ಪೊಟರೆಯೊಳಗೇ ಹುಳಗಳನ್ನು ಸೇರಿಸಿ ಗಾಡಿಗೆ ಹೇರಿಕೊಂಡ. "ಕೆರೆಯಾಚೆ ಬೀಳು ನೆಲದಲ್ಲಿ ಬಿಟ್ಟು ಬತ್ತೀನಿ." ಅಮ್ಮ ಅವನಿಗೆ ಕೈ ಮುಗಿದಳು. ಕೂಲಿಯಾಳಿಗೆ ಅವಳು ಕೈ ಮುಗಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆ ವರ್ಷದ ಗಾಳಿ ಬಿದಿರುಕಡ್ಡಿಯ ಬೇಲಿಗಳನ್ನು ಕಿತ್ತು ಹಾಕಿತು, ಎರಡು ಬೀದಿಯಾಚೆ ತೆಂಗೊಂದನ್ನು ಉರುಳಿಸಿತು. ನಮ್ಮ ಮಾವು ಕದಲಲಿಲ್ಲ. ಮರ ಕಡಿಸುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಪ್ರತಿ ಬೇಸಗೆಯಲ್ಲೂ ಈರಯ್ಯ ಬಂದು ಮರವನ್ನು ಒಂದು ಸುತ್ತು ಹಾಕಿ, ಯಾರನ್ನಾದರೂ ಬೈದು ಹೋಗುತ್ತಿದ್ದ.

ಮದುವೆಯಾಗಿ ಅರಸೀಕೆರೆಗೆ ಹೋದ ಮೇಲೆ ಅವನನ್ನು ನಾನು ನೋಡಿದ್ದು ಒಂದೇ ಸಲ, ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ. ಬಡವಾಗಿದ್ದ, ಕೆಮ್ಮುತ್ತಿದ್ದ. ಮನಸ್ಸಿನಲ್ಲಿ ಬಹಳ ದಿನದಿಂದ ಇದ್ದದ್ದನ್ನು ಕೇಳಿಯೇಬಿಟ್ಟೆ: "ಆ ಹುಳಗಳನ್ನ ನಿಜವಾಗ್ಲೂ ಬಿಟ್ಟೆಯಾ ಈರಯ್ಯ?"

ಅವನು ಕಣ್ಣು ತಪ್ಪಿಸಲಿಲ್ಲ. "ಸುಟ್ಟೆ ಕಣವ್ವ. ಬಿಟ್ಟಿದ್ರೆ ರೆಕ್ಕೆ ಬಂದು ಊರ ಮಾವಿಗೆಲ್ಲ ಹತ್ತೋವು. ಆ ಪಾಪ ನನ್ ತಲೆ ಮ್ಯಾಗಿರ್ಲಿ. ಅಮ್ಮಾರಿಗೆ ಮಾತ್ರ ಹೇಳ್ಬ್ಯಾಡ."

ನನಗೆ ಸಿಟ್ಟು ಬಂತು. ಅದರ ಬೆನ್ನಿಗೇ ಅವನ ಕಾಲು ಮುಟ್ಟಬೇಕು ಅನ್ನಿಸಿತು. ಎರಡನ್ನೂ ಮಾಡದೆ ಬಸ್ ಹತ್ತಿದೆ.

ಅವನು ತೀರಿಕೊಂಡ ಸುದ್ದಿ ಬಂದಾಗ ನಾನು ತವರಿನಲ್ಲಿದ್ದೆ. ಇನ್ನು ಮುಚ್ಚಿಡುವುದೇಕೆಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಗೊತ್ತು" ಎಂದಳು. "ಅವತ್ತು ಕೆರೆಯಾಚೆ ಹೊಗೆ ಎದ್ದದ್ದು ಹಿತ್ತಲಿಂದ ಕಾಣಿಸಿತ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಮರ ಬೇಕಾಗಿತ್ತಲ್ಲ ನನಗೆ."

ಮೊರವನ್ನು ಬದಿಗಿಟ್ಟು ಎದ್ದುಹೋದಳು. ಒಬ್ಬರ ಕರ್ಮವನ್ನು ಇನ್ನೊಬ್ಬರು ಕಳೆಯಲಾಗದು ಎಂದು ನಮಗೆಲ್ಲ ಕಲಿಸಿದವಳೇ ಅಮ್ಮ. ಆದರೂ ಅವತ್ತು ಹನಿ ನೀರನ್ನೂ ಮುಟ್ಟದೆ ಈರಯ್ಯನ ಹೆಸರಿನಲ್ಲಿ ಉಪವಾಸ ಮಾಡಿದಳು.